ಒಪಿಡಿ ಚೀಟಿಯ ಹಿಂದೆ ನೂರು ಚುಕ್ಕಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ರಾಣೆಬೆನ್ನೂರಿನವನು. ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಮಗನಿಗೆ ಈಗ 11 ವರ್ಷ. ಅವನಿಗೆ ಎಸ್‌ಎಸ್‌ಪಿಇ ಅನ್ನುವ ಮೆದುಳಿನ ಕಾಯಿಲೆ ಇದೆ. ನೀವು ಈ ಹೆಸರು ಕೇಳಿರಬಹುದು, ನಾವು ಕೇಳಿರಲಿಲ್ಲ. ದಡಾರ ಅಂತೀವಲ್ಲ, ನಮ್ಮ ಕಡೆ ಗೊಬ್ಬರ ಅಂತಾರೆ, ಆ ವೈರಸ್ ಕೆಲವು ಮಕ್ಕಳ ಮೆದುಳಲ್ಲಿ ಹಾಗೇ ಉಳಿದುಬಿಡುತ್ತದೆ. ಏಳೆಂಟು ವರ್ಷ ಯಾವ ಸುಳಿವೂ ಇರಲ್ಲ. ಮಗು ಓಡಾಡುತ್ತೆ, ಶಾಲೆಗೆ ಹೋಗುತ್ತೆ, ಜಗಳ ಆಡುತ್ತೆ. ಆಮೇಲೆ ಒಂದು ದಿನ ಅದು ಏಳುತ್ತೆ. ನನ್ನ ಮಗನಿಗೆ ದಡಾರ ಬಂದಾಗ ಬರೀ ಎಂಟು ತಿಂಗಳು. ಮೊದಲ ಲಸಿಕೆ ಹಾಕೋದೇ ಒಂಬತ್ತು ತಿಂಗಳು ತುಂಬಿದ ಮೇಲೆ. ಎರಡು ವರ್ಷದ ಒಳಗೆ ದಡಾರ ಬಂದ ಮಕ್ಕಳಿಗೇ ಈ ಕಾಯಿಲೆಯ ಅಪಾಯ ಜಾಸ್ತಿ.

ಈ ಪತ್ರ ಬರೀತಿರೋದು ಕಾಯಿಲೆ ಬಂತು ಅಂತ ಅಳೋದಕ್ಕಲ್ಲ. ವಾಸಿಯಾಗದ ಕಾಯಿಲೆ ಅಂತ ಗೊತ್ತಾದ ಮಾರನೇ ದಿನದಿಂದ ಒಂದು ಮನೆಯಲ್ಲಿ ಏನೇನು ನಡೆಯುತ್ತೆ, ಆ ಹೊತ್ತಲ್ಲಿ ನಮಗೆ ಯಾರು ಸಿಗ್ತಾರೆ, ಯಾರು ಸಿಗಲ್ಲ ಅನ್ನೋದನ್ನು ನೀವು ತಿಳಿಯಬೇಕು ಅಂತ.

ಎರಡು ವರ್ಷದ ಹಿಂದೆ ಶಾಲೆಯಿಂದ ದೂರು ಬರೋಕೆ ಶುರುವಾಯ್ತು. ಬರೆದರೆ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿಯುತ್ತೆ, ಬರ್ತಿದ್ದ ಮಗ್ಗಿ ಮರೆತಿದ್ದಾನೆ, ಪಾಠದ ಕಡೆ ಗಮನ ಇಲ್ಲ ಅಂತ. ನಾನು ಬೈದೆ. ಒಂದು ಸಲ ಹೊಡೆದೆ ಕೂಡ. ಆಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಅವನ ಕೈಲಿದ್ದ ರೊಟ್ಟಿ ಎಗರಿ ಬಿತ್ತು. ತಲೆ ಒಮ್ಮೆ ಮುಂದಕ್ಕೆ ಬಗ್ಗಿ ಮೇಲೆ ಬಂತು. ಅವನು ರೊಟ್ಟಿ ಎತ್ತಿಕೊಂಡ. ಮತ್ತೆ ಬಿತ್ತು. ನಾನು ಮನಸ್ಸಲ್ಲೇ ಎಣಿಸಿದೆ. ಒಂದು, ಎರಡು, ಮೂರು... ಆರಕ್ಕೋ ಏಳಕ್ಕೋ ಒಂದು ಸಲ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ಮೈ ಅದುರುತ್ತಿತ್ತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಗೆಲ್ಲ ವೈರ್ ಅಂಟಿಸಿ ಇಇಜಿ ಮಾಡಿದರು. ಪರದೆ ಮೇಲೆ ಸಣ್ಣ ಗೆರೆಗಳ ನಡುವೆ ಒಂದು ದೊಡ್ಡ ಅಲೆ ಎದ್ದು ಇಳಿಯುತ್ತಿತ್ತು. ನಾನು ಊಟದ ಮುಂದೆ ಎಣಿಸಿದ ಲೆಕ್ಕದಲ್ಲೇ, ಆರಕ್ಕೋ ಏಳಕ್ಕೋ ಒಂದು. ಬೆನ್ನಿನ ನೀರು ತೆಗೆದು ಪರೀಕ್ಷೆ ಮಾಡಿದಾಗ ಅದರಲ್ಲಿ ದಡಾರದ ವಿರುದ್ಧ ಮೈ ತಯಾರಿಸುವ ಆಂಟಿಬಾಡಿ ಬಹಳ ಜಾಸ್ತಿ ಇತ್ತು. ಅಲ್ಲಿಗೆ ಖಚಿತವಾಯ್ತು.

ಹೇಳಿದ ಡಾಕ್ಟರ್ ಕೆಟ್ಟವರಲ್ಲ. ಅವರ ಬಾಗಿಲ ಹೊರಗೆ ನಮ್ಮ ಹಾಗೆ ನೂರಾರು ಜನ ಕಾಯ್ತಿದ್ದರು. "ಇದಕ್ಕೆ ಗುಣ ಮಾಡೋ ಔಷಧಿ ಇಲ್ಲ. ಜರ್ಕ್ ಕಡಿಮೆ ಆಗೋಕೆ ಮಾತ್ರೆ ಕೊಡ್ತೀವಿ. ಮನೇಲಿ ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಐದು ನಿಮಿಷ ಆಗಿರಬಹುದು. ಆ ಐದು ನಿಮಿಷದಲ್ಲಿ ನಮ್ಮ ತಲೆಗೆ ಹೋಗಿದ್ದು ಇಲ್ಲ ಅನ್ನೋ ಒಂದೇ ಮಾತು.

ಇಲ್ಲ ಅನ್ನೋದನ್ನು ಕೇಳಿಸಿಕೊಂಡು ಸುಮ್ನೆ ಮನೆಗೆ ಹೋಗಿ ಕೂರುವ ತಂದೆ ತಾಯಿ ಎಲ್ಲಿದ್ದಾರೆ ಹೇಳಿ. ನಾವು ಊರು ಮುಟ್ಟೋದರೊಳಗೆ ರೈಲಿನಲ್ಲೇ ಮೊಬೈಲ್ ಹಿಡಿದು ಕೂತೆವು. ಒಂದು ವಾರದಲ್ಲಿ ಇಡೀ ಬಂಧುಬಳಗದಿಂದ ಫೋನ್ ಬರೋಕೆ ಶುರುವಾಯ್ತು. ಒಬ್ಬರು ಹರಕೆ ಹೊತ್ತುಕೊಳ್ಳಿ ಅಂದರು, ಹೊತ್ತುಕೊಂಡೆವು. ಅದರಿಂದ ಅವನಿಗೆ ತೊಂದರೆ ಏನೂ ಆಗಲಿಲ್ಲ, ನನ್ನ ತಾಯಿಗೆ ಸಮಾಧಾನ ಆಯ್ತು. ಇನ್ನೊಬ್ಬರು ನಾಟಿ ಔಷಧಿಗೆ ಕರ್ಕೊಂಡು ಹೋದರು. ಆ ಹಿರಿಯರು ಒಂದು ರೂಪಾಯಿ ತಗೊಳ್ಳಲಿಲ್ಲ. ಆದರೆ, "ಇಂಗ್ಲಿಷ್ ಮಾತ್ರೆ ಪೂರ್ತಿ ನಿಲ್ಲಿಸಬೇಕು, ಇಲ್ಲಾಂದ್ರೆ ಬೇರು ಕೆಲಸ ಮಾಡಲ್ಲ" ಅಂದರು. ನಿಲ್ಲಿಸಿದೆವು. ನಾಲ್ಕನೇ ದಿನ ಅವನಿಗೆ ಫಿಟ್ಸ್ ಬಂದು ನಿಲ್ಲಲೇ ಇಲ್ಲ. ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್‌ನಲ್ಲಿ ದಾವಣಗೆರೆಗೆ ಓಡಿದೆವು. ಬಿಟ್ಟಿ ಸಿಕ್ಕಿದ ಔಷಧಿಗೆ ನಾವು ಕೊಟ್ಟ ಬೆಲೆ ಅದು. ಕುಡಿಸುವ ಔಷಧಿ ಏನು ಅಂತ ಮಾತ್ರ ಕೇಳಿದ್ದೆವು, ನಿಲ್ಲಿಸೋಕೆ ಹೇಳ್ತಿರೋದು ಏನನ್ನು ಅಂತ ಯೋಚನೆ ಮಾಡಿರಲಿಲ್ಲ.

ಆಮೇಲೆ ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ ಕೊಡುವ ಚಿಕಿತ್ಸೆ. ಬೇರೆ ರಾಜ್ಯದ ಒಂದು ಸೆಂಟರ್. ಹೆಸರು ಬೇಡ, ಅಂಥವು ಬೇಕಾದಷ್ಟಿವೆ. ಫೋನ್ ಮಾಡಿದ ಹುಡುಗ ಬಹಳ ಪ್ರೀತಿಯಿಂದ ಮಾತಾಡಿದ. "ಅಣ್ಣಾ, ಚಿಂತೆ ಮಾಡಬೇಡಿ" ಅಂತ ಅಚ್ಚ ಕನ್ನಡದಲ್ಲಿ. ನಮ್ಮ ಮಗನ ಹೆಸರು ನೆನಪಿಟ್ಟುಕೊಂಡು ದಿನಾ ಸಂಜೆ ವಿಚಾರಿಸುತ್ತಿದ್ದ. ನಿಜ ಹೇಳಬೇಕೆಂದರೆ, ಆ ಹದಿನೈದು ದಿನ ನನ್ನ ಮಗನ ಬಗ್ಗೆ ನನ್ನ ಜೊತೆ ಅರ್ಧ ಗಂಟೆ ಕೂತು ಮಾತಾಡಿದ ಏಕೈಕ ವ್ಯಕ್ತಿ ಅವನು. ಒಂದು ವಿಡಿಯೋ ಕಳಿಸಿದ. ಅದರಲ್ಲಿ ಒಂದು ಹುಡುಗಿ ಮೊದಲು ಅದುರುತ್ತಾ ಮಲಗಿದ್ದಳು, ಆಮೇಲೆ ಅದುರದೆ ಕೂತಿದ್ದಳು. ನಾಲ್ಕು ಸಲದ ಪ್ಯಾಕೇಜ್, ನಾಲ್ಕೂವರೆ ಲಕ್ಷ. ನಾನು 40,000 ಅಡ್ವಾನ್ಸ್ ಹಾಕಿದೆ. ಉಳಿದಿದ್ದಕ್ಕೆ ನನ್ನ ಹೆಂಡತಿ ಮಾಂಗಲ್ಯ ಒಂದು ಬಿಟ್ಟು ಎಲ್ಲವನ್ನೂ ತಂದು ಮಂಚದ ಮೇಲೆ ಇಟ್ಟಳು.

ಹೋಗೋಕೆ ಮುಂಚೆ ಹಳೇ ರಿಪೋರ್ಟ್‌ಗಳ ಕಾಪಿ ಬೇಕಾಗಿತ್ತು. ಅದಕ್ಕೆ ಅಂತ ಬೆಂಗಳೂರಿಗೆ ಹೋದೆವು. ಅಲ್ಲಿ ಇನ್ನೂ ಓದ್ತಾ ಕೆಲಸ ಮಾಡ್ತಿದ್ದ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರ್ ಮೇಡಂ ಫೈಲ್ ಯಾಕೆ ಅಂತ ಕೇಳಿದರು. ಹೇಳಿದೆ. ಬೈತಾರೆ ಅಂದುಕೊಂಡೆ. ಅವರು, "ಸರ್, ಒಪಿಡಿ ಮುಗಿಯೋವರೆಗೂ ಇರ್ತೀರಾ?" ಅಂದರು. ಮಧ್ಯಾಹ್ನ ಮೂರು ಗಂಟೆ ಮೇಲೆ ಕಾರಿಡಾರಿನ ಬೆಂಚಿನ ಮೇಲೆ ನಮ್ಮ ಪಕ್ಕ ಬಂದು ಕೂತರು. ಒಂದು ಒಪಿಡಿ ಚೀಟಿ ತಿರುಗಿಸಿ, ಖಾಲಿ ಇದ್ದ ಕಡೆ ಸಾಲಿಗೆ ಹತ್ತರ ಹಾಗೆ ಹತ್ತು ಸಾಲು ಚುಕ್ಕಿ ಇಟ್ಟರು.

"ಇವು ನೂರು ಮಕ್ಕಳು ಅಂದುಕೊಳ್ಳಿ. ಎಲ್ಲರಿಗೂ ನಿಮ್ಮ ಮಗನ ಕಾಯಿಲೆ" ಅಂದರು. ಐಸೊಪ್ರಿನೊಸಿನ್ ಅಂತ ಒಂದು ಮಾತ್ರೆ ಇದೆ. ಇಂಟರ್‌ಫೆರಾನ್ ಅಂತ ಇನ್ನೊಂದಿದೆ, ಅದನ್ನು ಬೆನ್ನಿನ ನೀರಿಗೋ ಮೆದುಳಿನ ಒಳಗಿನ ನೀರಿಗೋ ಕೊಡಬೇಕು. ಬೇರೆ ಬೇರೆ ದೇಶಗಳ ನೂರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ಮಾಡಿದ ಒಂದು ಪ್ರಯೋಗದ ಫಲಿತಾಂಶ 2003ರಲ್ಲಿ ಬಂತು. ಅರ್ಧ ಜನಕ್ಕೆ ಬರೀ ಮಾತ್ರೆ, ಇನ್ನರ್ಧ ಜನಕ್ಕೆ ಮಾತ್ರೆ ಜೊತೆ ಇಂಟರ್‌ಫೆರಾನ್. ಕಾಯಿಲೆ ಅಲ್ಲಿಗೇ ನಿಂತವರು, ಸ್ವಲ್ಪ ಸುಧಾರಿಸಿದವರು ಸೇರಿ ಒಂದು ಗುಂಪಲ್ಲಿ ನೂರಕ್ಕೆ 34, ಇನ್ನೊಂದರಲ್ಲಿ 35. ಅಂದರೆ ಎರಡಕ್ಕೂ ವ್ಯತ್ಯಾಸ ಇಲ್ಲ. ಅವರು ಅಷ್ಟು ಚುಕ್ಕಿಗಳ ಸುತ್ತ ಗೆರೆ ಎಳೆದರು. ನನ್ನ ಹೆಂಡತಿ ತಕ್ಷಣ, "ಹಂಗಾದ್ರೆ ಮೂರರಲ್ಲಿ ಒಬ್ಬರು ಉಳೀತಾರೆ ಅಲ್ವಾ ಮೇಡಂ?" ಅಂದಳು.

ಅವರು ಪೆನ್ನು ಕೆಳಗಿಟ್ಟರು. ಈ ಕಾಯಿಲೆ ಕೆಲವು ಮಕ್ಕಳಲ್ಲಿ ಯಾವ ಔಷಧಿ ಇಲ್ಲದೆಯೂ ನಿಂತ ಹಾಗೆ ಆಗುತ್ತೆ, ಹಳೇ ಲೆಕ್ಕದ ಪ್ರಕಾರ ನೂರಕ್ಕೆ 5ರಿಂದ 10 ಮಕ್ಕಳಲ್ಲಿ ಅಂದರು. ಹಾಗೆ ನೋಡಿದರೆ 34 ಒಳ್ಳೇದೇ. ಆದರೆ ಆ ಪ್ರಯೋಗದಲ್ಲಿ ಔಷಧಿ ಕೊಡದೇ ಇದ್ದ ಗುಂಪೇ ಇರಲಿಲ್ಲ. ಬೇರೆ ಕಾಲದ, ಬೇರೆ ಮಕ್ಕಳ ಲೆಕ್ಕಕ್ಕೆ ಹೋಲಿಸಬೇಕು. ಹಾಗಾಗಿ ಔಷಧಿಯಿಂದಲೇ ಆಯ್ತು ಅಂತ ಖಚಿತವಾಗಿ ಹೇಳೋಕಾಗಲ್ಲ, ಏನೂ ಆಗಿಲ್ಲ ಅಂತಲೂ ಹೇಳೋಕಾಗಲ್ಲ. ನಿಂತಿತು ಅಂದರೆ ಮಗು ಮೊದಲಿನ ಹಾಗಾಯ್ತು ಅಂತಲೂ ಅಲ್ಲ, ಎಲ್ಲಿಗೆ ಇಳಿದಿತ್ತೋ ಅಲ್ಲಿಗೇ ನಿಂತಿತು ಅಷ್ಟೇ. ಆಮೇಲೆ ನಾನು ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು. "ಈ ಮಗುವಿಗೆ ಫಿಟ್ಸ್ ಮಾತ್ರೆ ಏನು ಕೊಡ್ತಿದ್ರು ಅಂತ ಹೇಳಿದ್ದಾರಾ?" ಅಂತ ಕೇಳಿದರು. ಹೇಳಿರಲಿಲ್ಲ. ಸರಿಯಾದ ಮಾತ್ರೆ ಹಿಡಿದರೆ ಸಾಕು, ಜರ್ಕ್ ಹಾಗೆ ಕಡಿಮೆ ಆಗಬಹುದಂತೆ, ಒಳಗೆ ಕಾಯಿಲೆ ಮುಂದುವರೀತಾ ಇದ್ದರೂ. ಸ್ಟೆಮ್ ಸೆಲ್‌ಗೆ ಎಷ್ಟು ಚುಕ್ಕಿ ಮೇಡಂ ಅಂದೆ. ಗೆರೆ ಎಳೆಯೋಕೆ ಅಂಥ ಒಂದು ಪ್ರಯೋಗ ಆಗಿದ್ದರೆ ತಾನೇ ಸರ್ ಅಂದರು.

ಅವರು ಹೋಗಬೇಡಿ ಅಂತ ಒಂದು ಸಲವೂ ಹೇಳಲಿಲ್ಲ. ಇಪ್ಪತ್ತು ನಿಮಿಷ ಕೂತರು, ಅಷ್ಟೇ. ನಾವು ಹೋಗಲಿಲ್ಲ. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಆ ರಾತ್ರಿ ಅಂಗಡಿಯ ಲೆಕ್ಕದ ಪುಸ್ತಕದಲ್ಲೇ ನಾನು, ನನ್ನ ಹೆಂಡತಿ ಕೂತು ಬರೆದೆವು. ದುಡ್ಡಿನ ಲೆಕ್ಕ ಅಲ್ಲ, ದಿನಗಳ ಲೆಕ್ಕ. ಅವನು ಆಗ ಇನ್ನೂ ನಮ್ಮ ಗುರುತು ಹಿಡೀತಿದ್ದ. ಅವ್ವಾ ಅಂತಿದ್ದ. ಗಿರ್ಮಿಟ್ ತಂದರೆ ನಗುತ್ತಿದ್ದ. ಅಂಥ ದಿನಗಳು ಎಷ್ಟು ಉಳಿದಿವೆಯೋ ಗೊತ್ತಿರಲಿಲ್ಲ, ಆದರೆ ಕಡಿಮೆ ಅಂತ ಗೊತ್ತಿತ್ತು. ಐಸೊಪ್ರಿನೊಸಿನ್ ಮಾತ್ರೆಗೆ ಆ ದಿನಗಳಿಂದ ಏನೂ ಕಳೆಯಬೇಕಾಗಿಲ್ಲ, ಮನೆಯಲ್ಲೇ ಪುಡಿ ಮಾಡಿ ಕುಡಿಸಬಹುದು, ಯೂರಿಕ್ ಆಸಿಡ್ ಜಾಸ್ತಿ ಆಗದ ಹಾಗೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಅಷ್ಟೇ. ಅದಕ್ಕೆ ಹೂಂ ಅಂದೆವು. ಇಂಟರ್‌ಫೆರಾನ್ ಅಂದರೆ ವಾರ ವಾರ ಸುಮಾರು 300 ಕಿಲೋಮೀಟರ್ ಬೆಂಗಳೂರು, ವಾರ ವಾರ ಬೆನ್ನಿಗೆ ಸೂಜಿ, ಆಮೇಲೆ ಜ್ವರ. ಆದರೂ ಅದನ್ನೂ ಮಾಡಿದೆವು. ಯಾಕೆ ಅಂದರೆ ನನ್ನ ಹೆಂಡತಿ, "ನಾಳೆ ನಾನು ಅದೊಂದು ಮಾಡಲಿಲ್ಲ ಅಂತ ಜೀವನ ಪೂರ್ತಿ ಅನ್ಕೋತೀನ್ರೀ" ಅಂದಳು. ಎಲ್ಲಿ ನಿಲ್ಲಿಸಬೇಕು ಅಂತ ಮಾತ್ರ ಮೊದಲೇ ಬರೆದಿಟ್ಟುಕೊಂಡೆವು. ಮೂರನೇ ಸೂಜಿ ಆದ ಮೇಲೆ ಅವನು ಬಿಳಿ ಕೋಟ್ ಕಂಡರೆ ಸಾಕು ಗೋಡೆ ಕಡೆ ತಿರುಗಿ ನಡುಗುತ್ತಿದ್ದ. ಜ್ವರ ಮೂರು ದಿನ ಇಳಿಯಲಿಲ್ಲ. ನಾಲ್ಕನೆಯದಕ್ಕೆ ಹೋಗಲಿಲ್ಲ. ಬರೆದಿಟ್ಟುಕೊಂಡಿದ್ದು ಆಗ ಕೈ ಹಿಡಿಯಿತು. ಇಲ್ಲದಿದ್ದರೆ ಇನ್ನೊಂದು, ಇನ್ನೊಂದು ಅಂತ ಹೋಗ್ತಾನೇ ಇರ್ತಿದ್ದೆವು.

ಸಚಿವರೇ, ಈಗ ನನ್ನ ಬೇಡಿಕೆಗೆ ಬರ್ತೀನಿ.

ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ನಡೆಸುತ್ತಿದೆ. ಪಾರ್ಶ್ವವಾಯು, ಫಿಟ್ಸ್, ತಲೆನೋವು, ಮರೆವಿನ ಕಾಯಿಲೆಗೆ ಅಂತ ಜಿಲ್ಲಾ ಮಟ್ಟದಲ್ಲಿ ಬ್ರೇನ್ ಕ್ಲಿನಿಕ್ ಮಾಡಿದ್ದೀರಿ. ಬಹಳ ಒಳ್ಳೆಯ ಕೆಲಸ, ನಮ್ಮಂಥ ಊರುಗಳಿಗೆ ಅದರ ಬೆಲೆ ಗೊತ್ತು. ಅದೇ ಕ್ಲಿನಿಕ್‌ನಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಎತ್ತಿಡಿ. ವಾಸಿಯಾಗದ ಮೆದುಳಿನ ಕಾಯಿಲೆ ಅಂತ ಹೇಳಿಸಿಕೊಂಡು ಬಂದ ಮನೆಯವರಿಗೆ ಅರ್ಧ ಗಂಟೆ. ಎಸ್‌ಎಸ್‌ಪಿಇ ಒಂದಕ್ಕೇ ಅಲ್ಲ, ಮೋಟಾರ್ ನ್ಯೂರಾನ್ ಕಾಯಿಲೆ ಇರುವ ಅಪ್ಪನನ್ನು ಕರ್ಕೊಂಡು ಬಂದ ಮಗಳಿಗೆ, ಹಂಟಿಂಗ್ಟನ್ ಇರುವ ಹೆಂಡತಿಯ ಗಂಡನಿಗೆ. ಅವರು ಕೈಯಲ್ಲಿ ಹಿಡ್ಕೊಂಡು ಬಂದ ಪಾಂಪ್ಲೆಟ್, ವಿಡಿಯೋ, ಎಣ್ಣೆ ಬಾಟಲಿ ಏನಿದ್ದರೂ ಟೇಬಲ್ ಮೇಲೆ ಇಡಲಿ. ಬೈಯದೆ ನೋಡುವವರು ಒಬ್ಬರು ಬೇಕು. ಇದರಿಂದ ಇಲ್ಲಿಯವರೆಗೆ ಎಷ್ಟು ಜನಕ್ಕೆ ಏನಾಗಿದೆ, ಕೊಡೋದು ಹೇಗೆ, ನೋವೆಷ್ಟು, ಖರ್ಚೆಷ್ಟು, ಇದಕ್ಕಾಗಿ ಯಾವುದನ್ನು ನಿಲ್ಲಿಸೋಕೆ ಹೇಳ್ತಿದ್ದಾರೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಬೇಕು. ನರರೋಗ ತಜ್ಞರೇ ಆಗಬೇಕು ಅಂತಿಲ್ಲ, ತರಬೇತಿ ಪಡೆದ ನರ್ಸ್ ಆದರೂ ಸಾಕು, ಫೋನಿನ ಆ ಕಡೆ ತಜ್ಞರು ಸಿಕ್ಕರೆ. ಆ ಸೆಂಟರಿನ ಹುಡುಗ ಗೆದ್ದಿದ್ದು ಔಷಧಿಯಿಂದಲ್ಲ. ದಿನಾ ಸಂಜೆ ಫೋನ್ ಮಾಡಿದ್ದರಿಂದ.

ಇನ್ನು ಕಾನೂನು. ಮ್ಯಾಜಿಕ್ ರೆಮಿಡೀಸ್ ಕಾನೂನು ಅಂತ 1954ರಿಂದ ಇದೆ. ಪಟ್ಟಿಯಲ್ಲಿರುವ ಕಾಯಿಲೆಗಳನ್ನು ಗುಣ ಮಾಡ್ತೀವಿ ಅಂತ ಜಾಹೀರಾತು ಕೊಡೋ ಹಾಗಿಲ್ಲ, ಆ ಪಟ್ಟಿಯಲ್ಲಿ ಮೆದುಳಿನ ಕಾಯಿಲೆಗಳೂ ಇವೆ. ಸ್ಟೆಮ್ ಸೆಲ್ ಬಗ್ಗೆ ಐಸಿಎಂಆರ್ ಅನ್ನುವ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಕೊಟ್ಟ ಮಾರ್ಗಸೂಚಿ ಇದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆ ಅಂತ ಮಾರೋ ಹಾಗಿಲ್ಲ, ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು ಅಂತ ಅದರಲ್ಲಿದೆ. ಪ್ರಯೋಗ ಅಂದರೆ ರೋಗಿಯಿಂದ ಅದಕ್ಕೆ ದುಡ್ಡು ಕೇಳಬಾರದು, ಸಿಟಿಆರ್‌ಐ ಅನ್ನುವ ರಾಷ್ಟ್ರೀಯ ಪಟ್ಟಿಯಲ್ಲಿ ಅದರ ನಂಬರ್ ಇರಬೇಕು. ಈ ಎರಡು ಮಾತು ನನಗೆ ಮೊದಲೇ ಗೊತ್ತಿದ್ದರೆ 40,000 ಉಳೀತಿತ್ತು. "ನಿಮ್ಮ ಸಿಟಿಆರ್‌ಐ ನಂಬರ್ ಎಷ್ಟು? ಪ್ರಯೋಗ ಆದರೆ ದುಡ್ಡು ಯಾಕೆ?" ಅಂತ ಕೇಳಿದ್ದರೆ ಸಾಕಿತ್ತು. ಪ್ರತಿ ಸರ್ಕಾರಿ ಆಸ್ಪತ್ರೆಯ ಗೋಡೆ ಮೇಲೆ ಈ ಎರಡು ಪ್ರಶ್ನೆ ದೊಡ್ಡ ಅಕ್ಷರದಲ್ಲಿ ಬರೆಸಿ. ಜನರ ಮೊಬೈಲಿಗೆ ಬರುವ ಜಾಹೀರಾತಿನ ಮೇಲೆ ದೂರು ಕೊಡೋಕೆ ಒಂದು ವಾಟ್ಸಾಪ್ ನಂಬರ್ ಕೊಡಿ.

ಮತ್ತೊಂದು ವಿಷಯ ನನ್ನನ್ನು ಬಹಳ ಕಾಡುತ್ತೆ. ನನ್ನ ಮಗ ಆ ಮಾತ್ರೆ ತಗೊಂಡ, ಮೂರು ಸೂಜಿ ತಗೊಂಡ. ಮುಂದೆ ಏನಾಯ್ತು ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ. ಅವನು ಪಟ್ಟ ನೋವಿನಿಂದ ಮುಂದಿನ ಮಗುವಿಗೆ ಒಂದು ಚುಕ್ಕಿಯಷ್ಟಾದರೂ ತಿಳುವಳಿಕೆ ಸಿಗಬೇಕಲ್ವಾ? ದಡಾರ ಹೋದ ದೇಶಗಳಲ್ಲಿ ಈ ಕಾಯಿಲೆ ತೀರಾ ಅಪರೂಪ, ಹಾಗಾಗಿ ದೊಡ್ಡ ಕಂಪನಿಗಳು ಇದಕ್ಕೆ ಔಷಧಿ ಹುಡುಕಿಕೊಂಡು ಬರಲ್ಲ. ಬರೆದಿಟ್ಟುಕೊಳ್ಳಬೇಕಾದವರು ನಾವೇ. ರಾಜ್ಯದಲ್ಲಿ ಎಸ್‌ಎಸ್‌ಪಿಇ ಅಂತ ಗೊತ್ತಾದ ಪ್ರತಿ ಮಗುವಿನ ಹೆಸರು, ಕೊಟ್ಟ ಔಷಧಿ, ಆರು ತಿಂಗಳಿಗೊಮ್ಮೆ ಹೇಗಿದೆ ಅನ್ನೋದು ಒಂದೇ ಕಡೆ ದಾಖಲಾಗಲಿ. ತಂದೆ ತಾಯಿ ಒಪ್ಪಿದರೆ ಮಾತ್ರ. ನಾವು ಒಪ್ತೀವಿ.

ಲಸಿಕೆ ಬಗ್ಗೆ ನೀವು ನಮಗಿಂತ ಚೆನ್ನಾಗಿ ಬಲ್ಲಿರಿ, ಆದರೂ ಹೇಳ್ತೀನಿ. 2017ರ ಫೆಬ್ರವರಿ 5ರಂದು ಇಡೀ ದೇಶದ ದಡಾರ-ರುಬೆಲ್ಲಾ ಅಭಿಯಾನ ಶುರುವಾಗಿದ್ದು ನಮ್ಮ ಬೆಂಗಳೂರಿನಿಂದಲೇ. ಒಂಬತ್ತು ತಿಂಗಳಿಂದ 15 ವರ್ಷದ ಮಕ್ಕಳಿಗೆಲ್ಲ. ಆಗ ವಾಟ್ಸಾಪಿನಲ್ಲಿ ಲಸಿಕೆ ಬಗ್ಗೆ ಏನೇನೋ ಸುಳ್ಳು ಹರಿದಾಡಿತು, ಎಷ್ಟೋ ಮನೆಯವರು ಆ ದಿನ ಮಕ್ಕಳನ್ನು ಶಾಲೆಗೇ ಕಳಿಸಲಿಲ್ಲ. ನನ್ನ ಮಗನಿಗೆ ಹಾಕಿಸಿದ್ದೆವು, ಆದರೆ ವೈರಸ್ ಆಗಲೇ ಒಳಗೆ ಸೇರಿ ಎರಡು ವರ್ಷ ಆಗಿತ್ತು. ಈಗಲೂ ಸಂಬಂಧಿಕರು ಕೆಲವರು ಆ ಲಸಿಕೆಯಿಂದಲೇ ಹೀಗಾಯ್ತು ಅಂತಾರೆ. ಅದು ತಪ್ಪು. ಈ ಕಾಯಿಲೆ ಬಂದವರ ಮೆದುಳಲ್ಲಿ ಸಿಕ್ಕಿರೋದು ಹೊರಗಿನ ದಡಾರದ ವೈರಸ್, ಲಸಿಕೆಯದ್ದಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಶಾಲೆಗೆ ಹೋಗುವ ಒಂದು ಮಗು ಇದೇ ಕಾಯಿಲೆಯಿಂದ ತೀರಿಕೊಂಡ ಸುದ್ದಿ ಬಂತು. ಅದಕ್ಕೂ ಲಸಿಕೆಯ ವಯಸ್ಸು ಬರೋ ಮೊದಲೇ ದಡಾರ ಬಂದಿತ್ತು. ಆ ಸುದ್ದಿ ಓದಿ ನನ್ನ ಹೆಂಡತಿ ಎಷ್ಟೋ ಹೊತ್ತು ಮಾತಾಡಲಿಲ್ಲ. ಎಂಟು ತಿಂಗಳ ಕೂಸಿಗೆ ತನ್ನದೇ ಲಸಿಕೆ ಇರಲ್ಲ, ಸುತ್ತಮುತ್ತಲಿನ ಮಕ್ಕಳ ಲಸಿಕೆಯೇ ಅದಕ್ಕೆ ಕಾವಲು.

ಈ ಪತ್ರ ನನ್ನ ಹಾಗೆ ರಾತ್ರಿ ಮೊಬೈಲ್ ಹಿಡಿದು ಕೂತಿರುವ ಯಾರಾದರೂ ಅಪ್ಪನೋ ಅಮ್ಮನೋ ಓದಿದರೆ, ನಿಮಗೆ ಒಂದು ಮಾತು. ಹುಡುಕಬೇಡಿ ಅಂತ ನಾನು ಹೇಳಲ್ಲ. ನಾನೂ ಹುಡುಕಿದವನೇ. ಆದರೆ ದುಡ್ಡು ಹಾಕೋ ಮೊದಲು ಎಲ್ಲಿಗೆ ನಿಲ್ಲಿಸ್ತೀವಿ ಅಂತ ಗಂಡ ಹೆಂಡತಿ ಕೂತು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಫಿಟ್ಸ್ ಮಾತ್ರೆ ಯಾರು ಹೇಳಿದರೂ ನಿಲ್ಲಿಸಬೇಡಿ.

ಮಗ ಈಗ ಮಾತಾಡಲ್ಲ. ಮೂಗಿನ ಟ್ಯೂಬಿನಲ್ಲಿ ಗಂಜಿ, ಹಾಲು ಹೋಗುತ್ತೆ. ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸ್ತೀವಿ, ಬೆನ್ನಿಗೆ ಹುಣ್ಣಾಗದ ಹಾಗೆ. ಜರ್ಕ್ ಕಡಿಮೆ ಆಗಿದೆ. ಅದು ಮಾತ್ರೆಯಿಂದಲೋ, ಕಾಯಿಲೆ ತಾನಾಗಿ ಸ್ವಲ್ಪ ನಿಂತಿದೆಯೋ ಗೊತ್ತಿಲ್ಲ. ಅವರವ್ವ ತಲೆ ಸವರಿದರೆ ಉಸಿರು ನಿಧಾನ ಆಗುತ್ತೆ, ಅದು ಮಾತ್ರ ನಾವು ದಿನಾ ನೋಡ್ತೀವಿ.

ಆ ಮೇಡಂ ಚುಕ್ಕಿ ಹಾಕಿಕೊಟ್ಟ ಚೀಟಿಯ ಜೆರಾಕ್ಸ್ ಈ ಪತ್ರದ ಜೊತೆ ಲಗತ್ತಿಸಿದ್ದೇನೆ. ಅಂಚಿನಲ್ಲಿದ್ದ ಅವರ ಸಹಿ, ಆಸ್ಪತ್ರೆಯ ಹೆಸರು ಮುಚ್ಚಿ ತೆಗೆದಿದ್ದೇನೆ. ನಿಮ್ಮ ಇಲಾಖೆಯವರು ಇದನ್ನೇ ನೋಡಿಕೊಂಡು ಚೆನ್ನಾಗಿ ಅಚ್ಚು ಹಾಕಿಸಬಹುದು. ಹಾವೇರಿ ಜಿಲ್ಲೆಗೆ ಬೇಕಾದಷ್ಟು ಪ್ರತಿ ನಾನೇ ನನ್ನ ಅಂಗಡಿಯಲ್ಲಿ ತೆಗೆದುಕೊಡ್ತೀನಿ, ದುಡ್ಡು ಬೇಡ. ಮೂಲ ಚೀಟಿ ನಮ್ಮ ಹತ್ತಿರಾನೇ ಇರಲಿ.

ಇಂತಿ,
ರಾಣೆಬೆನ್ನೂರಿನ ಒಬ್ಬ ತಂದೆ